ಗೋಕುಲಂನ ಬೇಯಿಸದ ಊಟದ ಡಬ್ಬಿ: ಬೆಳಗಿನದು ಖಂಡಿತ ತಗೊಳ್ಳಿ

ಮೈಸೂರಿನ ಗೋಕುಲಂನಲ್ಲಿ ಒಂದು ಮನೆಯಿಂದ ಬೇಯಿಸದ ಊಟದ ಡಬ್ಬಿ ಕಳಿಸುತ್ತಾರೆ. ಬೋರ್ಡ್ ಇಲ್ಲ, ಹೆಸರೂ ಇಲ್ಲ. ಯೋಗ ಕಲಿಯುವವರ ಬಾಯಿಂದ ಬಾಯಿಗೆ ಹರಡಿರುವ ಜಾಗ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಮೇಲೆ ಈ ಬಡಾವಣೆಯಲ್ಲಿ ವಿದೇಶಿ ವಿದ್ಯಾರ್ಥಿಗಳು ಜಾಸ್ತಿ. ಅವರಿಗಾಗಿ ಸ್ಮೂದಿ, ಸಲಾಡ್ ಮಾರುವ ಕೆಫೆಗಳೂ ಬೇಕಾದಷ್ಟಿವೆ. ಈ ಡಬ್ಬಿ ಆ ಥರದ್ದಲ್ಲ. ಮಾಡುವ ಅಕ್ಕ ಶಿರಸಿ ಕಡೆಯವರು. ಬರುವುದು ಬೂದುಗುಂಬಳದ ರಸ, ಒಂದೆಲಗದ ತಂಬುಳಿ, ಕೋಸಂಬರಿ, ಸೌತೆಕಾಯಿ ಸಾಸಿವೆ.

ನಾನು ಮನೆಯಲ್ಲೇ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರಿಗೆ ಪ್ರಾಣಾಯಾಮ ಹೇಳಿಕೊಡುತ್ತೇನೆ. ಶ್ರಾವಣದಲ್ಲಿ ಈ ಡಬ್ಬಿ ಶುರು ಮಾಡಿದೆ, ಬೇಸಿಗೆ ಕಳೆಯುವವರೆಗೂ ತರಿಸಿದೆ. ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ರಸದ ಬಗ್ಗೆ ಹೇಳಬೇಕು. ಒಂದು ದಿನ ಅವರ ಅಡುಗೆಮನೆಯಲ್ಲೇ ನಿಂತು ನೋಡಿದೆ. ಬೂದುಗುಂಬಳವನ್ನು ತೊಳೆದು, ಮೇಲಿನ ಬಿಳಿ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಪ್ಪೆ ಬೀಜ ತೆಗೆದು ಹೋಳು ಮಾಡುತ್ತಾರೆ. ಮಿಕ್ಸಿಗೆ ನೀರು ಹಾಕುವುದಿಲ್ಲ. ಒಗೆದು ಒಣಗಿಸಿದ ತೆಳು ಪಂಚೆಯಲ್ಲಿ ಹಾಕಿ ಹಿಂಡುತ್ತಾರೆ. ಉಪ್ಪಿಲ್ಲ, ಸಕ್ಕರೆ ಇಲ್ಲ. ಶೀತದ ಮೈಯವರ ಬಾಟಲಿಗೆ ಮಾತ್ರ ಕುಟ್ಟಿದ ಕಾಳುಮೆಣಸು. ಬಾಟಲಿ ಗಾಜಿನದು, ಬಂದ ತಕ್ಷಣ ಕುಡಿಯಬೇಕು, ಫ್ರಿಜ್ಜಲ್ಲಿ ಇಟ್ಟುಕೊಳ್ಳಬೇಡಿ ಅಂತ ಅವರದೇ ಕಟ್ಟುನಿಟ್ಟು.

ಬೂದುಗುಂಬಳ ಸಿಗದ ದಿನ ಸೋರೆಕಾಯಿ ರಸ. ಇಲ್ಲಿ ಅಕ್ಕ ಮಾಡುವ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಪ್ರತಿ ಸೋರೆಕಾಯಿಯ ಎರಡೂ ತುದಿಯಿಂದ ಒಂದೊಂದು ಚೂರು ಕೊಯ್ದು ನಾಲಿಗೆ ಮೇಲಿಟ್ಟು ನೋಡುತ್ತಾರೆ. ನಾನಿದ್ದಾಗ ಒಂದು ಚೂರು ಕಹಿ ಬಂತು. ತಕ್ಷಣ ಉಗುಳಿ, ಬಾಯಿ ಮುಕ್ಕಳಿಸಿ, ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿದರು. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ. ಅದರ ರಸ ಕುಡಿದು ರಕ್ತವಾಂತಿ ಆಗಿ ಜೀವ ಹೋದವರು ನಮ್ಮ ದೇಶದಲ್ಲೇ ಇದ್ದಾರೆ. ಕಹಿ ಇದ್ದರೆ ಕುಡಿಯಬೇಡಿ, ಬೇರೆ ರಸದ ಜೊತೆ ಬೆರೆಸಲೂ ಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಚ್ಚರಿಸಿದೆ. ಬೆರೆಸಿದರೆ ಕಹಿ ಗೊತ್ತೇ ಆಗುವುದಿಲ್ಲ ನೋಡಿ. ಮನೆಯಲ್ಲಿ ಮಾಡುವವರೂ ಈ ಒಂದು ಅಭ್ಯಾಸ ಇಟ್ಟುಕೊಳ್ಳಿ.

ರಸದ ಜೊತೆ ಬೆಳಗಿನ ಡಬ್ಬಿಯಲ್ಲಿ ರಾತ್ರಿಯಿಡೀ ನೆನೆಸಿದ ಕಡಲೆಬೀಜ, ಏಲಕ್ಕಿ ಬಾಳೆಹಣ್ಣು, ಪಪ್ಪಾಯ, ಖರ್ಜೂರ, ತೆಂಗಿನತುರಿ. ದೇವರಾಜ ಮಾರ್ಕೆಟ್ಟಲ್ಲಿ ಸಿಕ್ಕ ದಿನ ನಂಜನಗೂಡು ರಸಬಾಳೆ. ಇಷ್ಟು ತಿಂದರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ, ಹೊಟ್ಟೆ ಭಾರವೂ ಇರುವುದಿಲ್ಲ. ಮುಂಚೆ ತಿಂಡಿ ಆದ ಮೇಲೆ ಜಪಕ್ಕೆ ಕೂತರೆ ತೂಕಡಿಕೆ ಬರುತ್ತಿತ್ತು. ಈಗ ಬೆನ್ನು ನೆಟ್ಟಗೆ ನಿಲ್ಲುತ್ತದೆ, ಉಸಿರು ತಾನಾಗಿ ಕೆಳಗಿಳಿಯುತ್ತದೆ. ಇದಕ್ಕಾಗಿಯೇ ನಾನು ಈ ಡಬ್ಬಿಗೆ ಋಣಿ. ತೂಕ, ಚರ್ಮದ ಹೊಳಪು ಇವೆಲ್ಲ ನನಗೆ ಮುಖ್ಯವೇ ಆಗಿರಲಿಲ್ಲ.

ಮಧ್ಯಾಹ್ನದ ಡಬ್ಬಿ ರುಚಿಯಲ್ಲಿ ಇನ್ನೂ ಒಂದು ಕೈ ಮೇಲು. ಒಗ್ಗರಣೆ ಇಲ್ಲದ ಕೋಸಂಬರಿ ಹೇಗಿರುತ್ತೋ ಅಂದುಕೊಂಡಿದ್ದೆ. ನಿಂಬೆರಸಕ್ಕೆ ಇಂಗು ತೇಯ್ದು ಹಾಕುತ್ತಾರೆ, ಘಮ ಅಲ್ಲೇ ಬಂದುಬಿಡುತ್ತದೆ. ಸೌತೆಕಾಯಿ ಸಾಸಿವೆಗೆ ಹಸಿ ಸಾಸಿವೆಯನ್ನೇ ಕಾಯಿ ಜೊತೆ ರುಬ್ಬುತ್ತಾರೆ, ಮೂಗಿಗೆ ಏರುವ ಆ ಖಾರ ಬೆಂದ ಅಡುಗೆಯಲ್ಲಿ ಸಿಗುವುದೇ ಇಲ್ಲ. ತಂಬುಳಿಗೆ ಒಂದೆಲಗ, ಜೀರಿಗೆ, ಮೆಣಸು, ಕಾಯಿ, ಮೇಲೆ ಮಜ್ಜಿಗೆ. ಕಾಯಿಸಿದ ಹಾಲಿನ ಮಜ್ಜಿಗೆ ರಾ ಫುಡ್ ಹೇಗಾಗುತ್ತೆ ಅಕ್ಕಾ ಅಂತ ಕೇಳಿದೆ. "ನಿಯಮ ನಮಗೋಸ್ಕರ ಅಲ್ವಾ, ನಾವು ನಿಯಮಕ್ಕೋಸ್ಕರ ಅಲ್ಲ. ಮಜ್ಜಿಗೆ ಬಿಟ್ಟರೆ ನಿಮ್ಮ ಹೊಟ್ಟೆ ಕೆಡುತ್ತೆ" ಅಂದರು. ಹೊಟ್ಟೆ ತುಂಬದವರಿಗೆ ನೆನೆಸಿದ ಅವಲಕ್ಕಿ ಕೊಡುತ್ತಾರೆ, ಅದೂ ಹುರಿದು ಕುಟ್ಟಿದ್ದೇ. ಇದನ್ನೆಲ್ಲ ಕೇಳಿದವರಿಗೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಕಟ್ಟಾ ರಾ ಫುಡ್ ಬೇಕು ಅನ್ನುವವರಿಗೆ ಇದು ಸರಿಹೋಗಲಿಕ್ಕಿಲ್ಲ.

ನನಗಂತೂ ಅಕ್ಕನ ದಾರಿಯೇ ಸರಿ ಅನ್ನಿಸುತ್ತದೆ. ಯೋಗಿಗಳ ಆಹಾರ ಅಂದರೆ ಬೇಯಿಸದ್ದು ಮಾತ್ರ ಅಂತ ಈಗ ಬಹಳ ಜನ ನಂಬಿದ್ದಾರೆ. ಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯ ಮೊದಲ ಅಧ್ಯಾಯ ತೆಗೆದು ನೋಡಿ. ಯೋಗಿಗೆ ಹಿತ ಅಂತ ಅಲ್ಲಿರುವುದು ಗೋಧಿ, ಅಕ್ಕಿ, ಜವೆ, ಹೆಸರು, ಹಾಲು, ತುಪ್ಪ, ಜೇನು, ಶುಂಠಿ. ಅಕ್ಕಿಯನ್ನು ಹಸಿಯಾಗಿ ಯಾರು ತಿಂದಾರು? ಬೇಡ ಅಂದಿರುವುದು ಆರಿದ್ದನ್ನು ಮತ್ತೆ ಬಿಸಿ ಮಾಡಿದ್ದು, ಒಣಕಲು, ಉಪ್ಪು ಹುಳಿ ಜಾಸ್ತಿ ಇರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಯ ಕಾಲು ಭಾಗ ಖಾಲಿ ಬಿಡಬೇಕು ಅಂತಿದೆ. ಬೇಯಿಸದೆ ತಿನ್ನುವ ಪಥ್ಯ ಬಲವಾಗಿ ಬಂದಿದ್ದು ಪ್ರಕೃತಿ ಚಿಕಿತ್ಸೆಯ ಕಡೆಯಿಂದ. ಗಾಂಧೀಜಿ 1929ರಲ್ಲಿ ಮೊಳಕೆ ಗೋಧಿ, ಬಾದಾಮಿ, ಸೊಪ್ಪು, ನಿಂಬೆ, ಜೇನು ಇಷ್ಟರಲ್ಲೇ ಇದ್ದು ಪ್ರಯೋಗ ಮಾಡಿದ್ದರು. ಕೊನೆಗೆ ಆಮಶಂಕೆಯಾಗಿ ನಿಲ್ಲಿಸಬೇಕಾಯಿತು. ಅಂಥ ಸಂಯಮದವರಿಗೇ ಹಾಗಾಯಿತು ಅಂದಮೇಲೆ ಮೂರು ಹೊತ್ತೂ ಹಸಿಯನ್ನೇ ತಿನ್ನುತ್ತೇನೆ ಅಂತ ಹೊರಡುವವರು ಸ್ವಲ್ಪ ಯೋಚನೆ ಮಾಡಬೇಕು.

ಈಗ ದೂರುಗಳು. ಏಪ್ರಿಲ್ ಬಿಸಿಲಲ್ಲಿ ಒಂದು ಮಧ್ಯಾಹ್ನ ಹೆಸರುಕಾಳಿನ ಮೊಳಕೆ ಲೋಳೆಯಾಗಿ, ವಾಸನೆ ಹೊಡೆಯುತ್ತಾ ಬಂತು. ಹಾಗೇ ವಾಪಸ್ ಕಳಿಸಿದೆ. ಮೊಳಕೆ ಬರಲು ಬೇಕಾದ ಶಾಖ, ತೇವವೇ ರೋಗಾಣುಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ-ಕೋಲಿ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಅಕ್ಕ ಆಮೇಲೆ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಮೊಳಕೆ ಕಳಿಸುವುದನ್ನೇ ಬಿಟ್ಟರು. ಬೆಳಗಿನ ಡಬ್ಬಿಯ ಮೊಳಕೆಯನ್ನೂ ಕುದಿವ ನೀರಲ್ಲಿ ಅದ್ದಿ ತೆಗೆಯಿರಿ ಅಂತ ನಾನು ಹೇಳುತ್ತಲೇ ಇದ್ದೇನೆ, ಅವರು ಇನ್ನೂ ಒಪ್ಪಿಲ್ಲ. ಗರ್ಭಿಣಿಯರು, ವಯಸ್ಸಾದವರು ಇರುವ ಮನೆಗೆ ಮೊಳಕೆ ಬೇಡ ಅಂತ ಮೊದಲೇ ಹೇಳಿಬಿಡಿ.

ಎರಡನೆಯದು ಅದಕ್ಕಿಂತ ದೊಡ್ಡದು. ಡಬ್ಬಿಯ ಜೊತೆ ಒಂದು ಚೀಟಿ ಬರುತ್ತಿತ್ತು. ಈ ಆಹಾರದಿಂದ ಸಕ್ಕರೆ ಕಾಯಿಲೆ ಪೂರ್ತಿ ವಾಸಿ, ಮಾತ್ರೆ ಬಿಡಬಹುದು ಅಂತ ಅದರಲ್ಲಿ. ಓದಿ ನನಗೆ ಸಿಟ್ಟೇ ಬಂತು. ನಮ್ಮ ಮನೆಯವರು ಸಕ್ಕರೆಗೆ ಮಾತ್ರೆ ತಗೊಳ್ಳುತ್ತಾರೆ. ಊಟ ಹಗುರ ಮಾಡಿ ಅದೇ ಮಾತ್ರೆ ಮುಂದುವರಿಸಿದಾಗ ಒಂದು ಸಂಜೆ ಬೆವರು, ಕೈ ನಡುಕ ಶುರುವಾಯಿತು. ಸಕ್ಕರೆ ಇಳಿದುಹೋಗಿತ್ತು. ಬೆಲ್ಲದ ನೀರು ಕುಡಿಸಿ ಡಾಕ್ಟರ್ ಹತ್ತಿರ ಓಡಿದೆವು. ಅವರು ಪರೀಕ್ಷೆ ಮಾಡಿಸಿ ಡೋಸ್ ಇಳಿಸಿದರು. ಆಹಾರದಿಂದ ಉಪಯೋಗ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮಾತ್ರೆ ಇಳಿಸುವುದು ಡಾಕ್ಟರ್ ಕೆಲಸ, ಚೀಟಿಯದ್ದಲ್ಲ. ಜಗಳ ಆಡಿದ ಮೇಲೆ ಚೀಟಿ ನಿಂತಿತು. ಅಕ್ಕನ ವಾಟ್ಸಾಪ್ ಸ್ಟೇಟಸ್ಸಲ್ಲಿ ಆಗಾಗ ಅದೇ ಮಾತು ಈಗಲೂ ಕಾಣುತ್ತದೆ, ನನಗೆ ಬೇಜಾರು. ಕಿಡ್ನಿ ತೊಂದರೆ ಇರುವವರಿಗೆ ಹಣ್ಣು, ರಸದ ಪೊಟ್ಯಾಸಿಯಂ ಕೂಡ ಅಪಾಯ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರೂ ಸೊಪ್ಪು ಜಾಸ್ತಿ ಮಾಡುವ ಮುಂಚೆ ಕೇಳಲೇಬೇಕು. ಬಿ12 ಅಂತೂ ಸೊಪ್ಪು ತರಕಾರಿಯಲ್ಲಿ ಸಿಗುವುದಿಲ್ಲ. ನಾನು ಡಾಕ್ಟರ್ ಹೇಳಿದಂತೆ ಅದರ ಮಾತ್ರೆ ತಗೊಳ್ಳುತ್ತೇನೆ.

ಹಸಿ ಎಲೆಕೋಸು ಇದ್ದ ದಿನ ಹೊಟ್ಟೆ ಉಬ್ಬರ. ಹೇಳಿದರೆ ಬದಲಾಯಿಸುತ್ತಾರೆ. ಮಾರ್ಗಶಿರದ ಚಳಿಗೆ ರಾತ್ರಿ ಹಸಿ ತಿಂದರೆ ಮೈ ನಡುಗುತ್ತದೆ, ನಾನು ರಾತ್ರಿಗೆ ಬಿಸಿ ರಾಗಿ ಗಂಜಿ ಇಟ್ಟುಕೊಂಡಿದ್ದೇನೆ.

ಬೆಳಗಿನ ಡಬ್ಬಿ ತಿಂಗಳಿಗೆ 2,800 ರೂಪಾಯಿ, ಎರಡೂ ಸೇರಿ 5,200. ಬೆಳಗಿನದಕ್ಕೆ ಕೊಟ್ಟ ದುಡ್ಡು ಸಾರ್ಥಕ, ಆ ರಸವನ್ನು ಅಷ್ಟು ಹೊತ್ತಿಗೇ ಎದ್ದು ಹಿಂಡುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಮಧ್ಯಾಹ್ನದ್ದು ದುಬಾರಿ. ಕೋಸಂಬರಿ, ತಂಬುಳಿ ನಮ್ಮ ಮನೆಗಳಲ್ಲೇ ಆಗುತ್ತದೆ, ಜೊತೆಗೆ ಒಂದು ಹಿಡಿ ಬಿಸಿ ಅನ್ನ ಇದ್ದರೆ ಸಾಕು. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಇಲ್ಲ. ಹುಡುಗ ಆರೂಮುಕ್ಕಾಲಿಗೆಲ್ಲ ಬಾಗಿಲಿಗೆ ಬರುತ್ತಾನೆ, ಹಬ್ಬದ ದಿನಗಳಲ್ಲಿ ಮಾತ್ರ ತಡ. ಭಾನುವಾರ ರಜೆ. ಹೊಸಬರನ್ನು ತಿಂಗಳ ಒಂದನೇ ತಾರೀಕಿಗೇ ಸೇರಿಸಿಕೊಳ್ಳುವುದು. ಸೇರುವಾಗ ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಅಕ್ಕ ಕೇಳದಿದ್ದರೂ ನೀವೇ ಹೇಳಿ.