ಅಗಾಥಾ ಕ್ರಿಸ್ಟಿ ಆತ್ಮಕಥೆ: ಐದನೇ ಭಾಗದಿಂದ ಶುರುಮಾಡಿ

ಅಗಾಥಾ ಕ್ರಿಸ್ಟಿ ತೀರಿಕೊಂಡ ಮರುವರ್ಷ, 1977ರಲ್ಲಿ, ‘ಆ್ಯನ್ ಆಟೋಬಯಾಗ್ರಫಿ’ ಹೊರಬಂತು. ಬರೆಯಲು ಕೂತದ್ದು 1950ರ ಏಪ್ರಿಲ್‌ನಲ್ಲಿ, ಇರಾಕಿನ ನಿಮ್ರೂದ್‌ನಲ್ಲಿ. ಮುಗಿಸಿದ್ದು 1965ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ವಾಲಿಂಗ್‌ಫರ್ಡ್‌ನಲ್ಲಿ. ಹನ್ನೊಂದು ಭಾಗ, ಐನೂರು ಪುಟಕ್ಕೂ ಹೆಚ್ಚು.

ಪತ್ತೇದಾರಿ ಲೇಖಕಿಯನ್ನು ಹುಡುಕಿ ಬಂದವರು ಮೊದಲ ನಾಲ್ಕು ಭಾಗಗಳಲ್ಲೇ ಸುಸ್ತಾಗಿಬಿಡಬಹುದು. ಅಲ್ಲಿರುವುದು ಇಂಗ್ಲೆಂಡಿನ ಕಡಲತೀರದ ಊರು ಟಾರ್ಕಿಯ ಬಾಲ್ಯ, ನೃತ್ಯಕೂಟಗಳು, ಮದುವೆ ಮಾತುಕತೆ. ಚೆಂದವಿದೆ, ಆದರೆ ಬಹಳ ನಿಧಾನ. ಐದನೇ ಭಾಗ ‘ಯುದ್ಧ’ದಿಂದ ಶುರುಮಾಡಿ, ಬಾಲ್ಯಕ್ಕೆ ಆಮೇಲೆ ಬನ್ನಿ.

ಪುಸ್ತಕದ ಜೀವಾಳ ಅಲ್ಲಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಆಕೆ ಆಸ್ಪತ್ರೆಯ ಔಷಧ ವಿಭಾಗಕ್ಕೆ ಸೇರಿ, ಒಬ್ಬ ಫಾರ್ಮಸಿಸ್ಟ್ ಹತ್ತಿರ ಕೆಲಸ ಕಲಿಯುತ್ತಾರೆ. ಒಮ್ಮೆ ಆತ ದಶಮಾಂಶದ ಚುಕ್ಕಿ ತಪ್ಪಿಸಿ, ಮದ್ದನ್ನು ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಬೆರೆಸುತ್ತಾನೆ. ನೀವು ತಪ್ಪು ಮಾಡಿದಿರಿ ಎಂದು ಗುರುವಿಗೆ ಹೇಳುವ ಹಾಗಿಲ್ಲ. ಆಕೆ ಎಡವಿದಂತೆ ನಟಿಸಿ ಆ ಮದ್ದು ಇಟ್ಟಿದ್ದ ಹಲಗೆಯನ್ನು ಕೆಡವಿ, ಬಿದ್ದದ್ದನ್ನೆಲ್ಲ ಕಾಲಲ್ಲಿ ಚೆನ್ನಾಗಿ ತುಳಿದುಬಿಡುತ್ತಾರೆ. ಅದೇ ಮನುಷ್ಯ ಕ್ಯುರಾರೆ ವಿಷದ ಉಂಡೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಅದರಿಂದ ತನಗೆ ಶಕ್ತಿ ಬಂದಂತೆನಿಸುತ್ತದೆ ಎನ್ನುತ್ತಿದ್ದ. 1961ರ ‘ದಿ ಪೇಲ್ ಹಾರ್ಸ್’ ಕಾದಂಬರಿ ಬರೆಯುವಾಗ ಆಕೆಗೆ ನೆನಪಾದದ್ದು ಇವನೇ. ಕ್ರಿಸ್ಟಿ ಕಥೆಗಳಲ್ಲಿ ವಿಷದ ಪ್ರಮಾಣ ಅಷ್ಟು ಕರಾರುವಾಕ್ಕಾಗಿ ಇರುವುದೇಕೆ ಎಂಬುದು ಈ ಪುಟಗಳನ್ನು ಓದಿದರೆ ತಿಳಿಯುತ್ತದೆ.

ಹಣದ ವಿಷಯವನ್ನೂ ಆಕೆ ಮುಚ್ಚಿಡುವುದಿಲ್ಲ. ಹೊಸ ಲೇಖಕರು ಇದನ್ನು ಓದಲೇಬೇಕು. ಮೊದಲ ಕಾದಂಬರಿಯ ಒಪ್ಪಂದದಲ್ಲಿ 2000 ಪ್ರತಿ ಮಾರಾಟವಾಗುವವರೆಗೆ ಗೌರವಧನವಿಲ್ಲ. ಮೇಲೆ ಮುಂದಿನ ಐದು ಪುಸ್ತಕವೂ ಅದೇ ಪ್ರಕಾಶಕರಿಗೆ. ಅಚ್ಚಾಗುವ ಖುಷಿಯಲ್ಲಿ ಷರತ್ತಿನ ಕಡೆ ಗಮನ ಕೊಡದೆ ಸಹಿ ಹಾಕಿದರು. ಕೈಗೆ ಬಂದದ್ದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸುವ ಹಕ್ಕಿನ ಪಾಲು, ಬರೀ 25 ಪೌಂಡ್. ಕೆಲವೇ ವರ್ಷಗಳಲ್ಲಿ ‘ಈವ್ನಿಂಗ್ ನ್ಯೂಸ್’ ಪತ್ರಿಕೆ ಇನ್ನೊಂದು ಕಾದಂಬರಿಯ ಧಾರಾವಾಹಿಗೆ 500 ಪೌಂಡ್ ಕೊಟ್ಟಿತು. ಆ ದುಡ್ಡಲ್ಲಿ ಆಕೆ ಮಾರಿಸ್ ಕೌಲಿ ಕಾರು ಕೊಂಡರು.

ಕೊರತೆಗಳೂ ಇವೆ. 1926ರ ಡಿಸೆಂಬರ್‌ನಲ್ಲಿ ಆಕೆ 11 ದಿನ ನಾಪತ್ತೆಯಾಗಿದ್ದ ಬಗ್ಗೆ ಒಂದು ಸಾಲೂ ಇಲ್ಲ. ತಾಯಿಯ ಸಾವು, ಗಂಡ ಬೇರೆಯಾದ ನೋವು ಹೇಳಿ ಮುಂದೆ ಹೋಗಿಬಿಡುತ್ತಾರೆ. ನಾಪತ್ತೆಯ ಕಥೆ ಬೇಕಾದವರು ಜಾನೆಟ್ ಮಾರ್ಗನ್ 1984ರಲ್ಲಿ ತಂದ ಜೀವನಚರಿತ್ರೆ ನೋಡಬೇಕು. ಇಸವಿಗಳೂ ಅಪರೂಪ, ಹಾಗಾಗಿ ಕಾದಂಬರಿಗಳ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕೊನೆಯ ಇಪ್ಪತ್ತು ವರ್ಷವಂತೂ ಅವಸರದಲ್ಲಿ ಮುಗಿಯುತ್ತದೆ.

ಮುಖ್ಯವಾದ ಎಚ್ಚರಿಕೆ: ಆಕೆಯ ಕಾದಂಬರಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಓದದವರು ಮೊದಲು ಅದನ್ನು ಓದಿ ಮುಗಿಸಿ. ಅದರ ತಂತ್ರ ತನಗೆ ಹೊಳೆದ ಬಗೆಯನ್ನು ಆಕೆ ಇಲ್ಲಿ ನೇರವಾಗಿ ಹೇಳುತ್ತಾರೆ, ಗುಟ್ಟು ಅಲ್ಲೇ ಬಯಲಾಗುತ್ತದೆ.

ಆತ್ಮಕಥೆಗಾಗಿ ಆಕೆ ಮಾತಾಡಿ ಧ್ವನಿಮುದ್ರಿಸಿದ್ದ ಟೇಪುಗಳು 2008ರಲ್ಲಿ ಸಿಕ್ಕವು. ಅದರ ಆಯ್ದ ಭಾಗಗಳ ಸಿಡಿ 2011ರ ಆವೃತ್ತಿಯ ಜೊತೆ ಬಂದಿದೆ. ಆ ಆವೃತ್ತಿಯ ಸೆಕೆಂಡ್‌ಹ್ಯಾಂಡ್ ಪ್ರತಿ ಕೊಳ್ಳುವವರು ಸಿಡಿ ಒಳಗಿದೆಯೇ ಎಂದು ಕೇಳಿಯೇ ದುಡ್ಡು ಕೊಡಿ.