ಹಳೇ ಕಾರಿಗೆ ಹೊಸ ಸ್ಪೀಕರ್ ಹಾಕಿಸುವ ಮುಂಚೆ ವೈರ್ ನೋಡಿಸಿ

ನಮ್ಮದು 2004ರ ಸ್ಯಾಂಟ್ರೋ. ಅಪ್ಪ ಕೊಂಡ ಕಾರು. ಈಗಲೂ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅದರಲ್ಲೇ ಓಡಾಡುತ್ತಾರೆ, ದಾರಿಯಲ್ಲಿ ಭದ್ರಾವತಿ ಆಕಾಶವಾಣಿ ಇರಲೇಬೇಕು ಅವರಿಗೆ. ಹೋದ ಮೇ ತಿಂಗಳಲ್ಲಿ ಎಡಗಡೆ ಮುಂದಿನ ಬಾಗಿಲಿನ ಸ್ಪೀಕರ್ ಕರಕರ ಅನ್ನತೊಡಗಿತು. ಬಾಗಿಲು ಜೋರಾಗಿ ಹಾಕಿದರೆ ದನಿ ಪೂರ್ತಿ ನಿಲ್ಲುತ್ತಿತ್ತು, ಇನ್ನೊಮ್ಮೆ ಹಾಕಿದರೆ ಮತ್ತೆ ಬರುತ್ತಿತ್ತು. "ವೈರ್ ಬಿಟ್ಟಿರಬೇಕು, ನೋಡಿಸೋ" ಅಂದರು ಅಪ್ಪ. ನಾನು ಕೇಳಲಿಲ್ಲ. ಇಷ್ಟು ಹಳೇ ಸ್ಪೀಕರ್, ಹೋಗಿಯೇ ಇರುತ್ತೆ ಅಂದುಕೊಂಡು ಕಾರನ್ನು ಆಕ್ಸೆಸರೀಸ್ ಅಂಗಡಿಗೆ ಒಯ್ದೆ.

ಅಲ್ಲಿ ಬಾಗಿಲು ಬಿಚ್ಚಿ ನೋಡುವ ಮೊದಲೇ "ಎರಡೂ ಹೋಗಿದೆ ಸಾರ್, ಜೋಡಿ ಹಾಕಿಬಿಡೋಣ" ಅಂದರು. ಡಬ್ಬದ ಮೇಲೆ ದೊಡ್ಡದಾಗಿ 300 ವಾಟ್ ಅಂತಿತ್ತು. ಅದು ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರ ತಡೆಯುವಷ್ಟು. ನೋಡಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ಆರ್‌ಎಂಎಸ್ ಅಂಕಿ, ಅಂದರೆ ಸತತವಾಗಿ ತಡೆಯುವಷ್ಟು. ಕಾರಿನ ಮಾಮೂಲಿ ಸ್ಟೀರಿಯೋ ಸೆಟ್ ಒಂದು ಸ್ಪೀಕರಿಗೆ ಕೊಡುವುದೇ 20 ವಾಟ್ ಆಸುಪಾಸು. ಇದೆಲ್ಲ ಆಮೇಲೆ ತಿಳಿದದ್ದು. 3,800 ರೂಪಾಯಿ ಕೊಟ್ಟೆ. ಹಳೇ ಸ್ಪೀಕರ್‌ಗಳನ್ನು ಅಲ್ಲೇ ಬಿಟ್ಟು ಬಂದೆ.

ಎರಡೇ ದಿನ. ಅದೇ ಬಾಗಿಲು, ಅದೇ ಕರಕರ. ಜೊತೆಗೆ ಗಾಜು ಪೂರ್ತಿ ಇಳಿಯದೆ ಏನಕ್ಕೋ ತಾಗಿ ನಿಲ್ಲುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಅಮ್ಮ ಕಾರು ಹತ್ತಿ ಕಾಲಿಟ್ಟರೆ ಮ್ಯಾಟ್ ಕೆಳಗೆ ಪಚಪಚ ನೀರು. ಅದೇ ವಾರ ಸೆಟ್ಟಿನ ದನಿಯೂ ನಿಂತಿತು. ಲೈಟ್ ಉರಿಯುತ್ತೆ, ಸದ್ದಿಲ್ಲ.

ಕೊನೆಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನನ್ನೆದುರೇ ಬಾಗಿಲಿನ ಒಳಗಡೆಯ ಡೋರ್ ಪ್ಯಾಡ್ ಬಿಚ್ಚಿದರು. ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವುದು ಸಹಜವಂತೆ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತೆ. ಅದು ಕಾರಿನೊಳಗೆ ಬರದಂತೆ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅಂಗಡಿಯವರು ನಮ್ಮದನ್ನು ಹರಿದು ಮೂಲೆಗೆ ತುರುಕಿದ್ದರು! ಮಲೆನಾಡಿನ ಕಾರಿಗೆ ಹೀಗೆ ಮಾಡಬಹುದಾ? ಹೊಸ ಸ್ಪೀಕರಿನ ಮ್ಯಾಗ್ನೆಟ್ ಉದ್ದವಾಗಿ ಗಾಜಿಗೆ ತಾಗುತ್ತಿತ್ತು. ವೈರ್‌ಗಳನ್ನು ಸುಮ್ನೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ತೇವಕ್ಕೆ ಟೇಪ್ ಬಿಟ್ಟು ತಾಮ್ರ ಬಾಗಿಲಿನ ತಗಡಿಗೆ ತಾಗಿತ್ತು. ಈಗಿನ ಸೆಟ್‌ಗಳಲ್ಲಿ ಸ್ಪೀಕರಿನ ಮೈನಸ್ ವೈರ್ ಕೂಡ ಕಾರಿನ ತಗಡಿಗೆ ತಾಗಬಾರದು. ನಮ್ಮ ಸೆಟ್ಟಿನ ಔಟ್‌ಪುಟ್ ಐಸಿ, ಅಂದರೆ ಸ್ಪೀಕರಿಗೆ ದನಿ ಕಳಿಸುವ ಚಿಪ್, ಸುಟ್ಟಿದ್ದು ಹಾಗೆ.

ಮೊದಲಿನ ದೋಷ? ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿತ್ತು. ಬಾಗಿಲು ತೆಗೆದು ಹಾಕಿ ಮಡಚಿ ಮಡಚಿ ಅಲ್ಲಿ ಕಡಿಯುತ್ತೆ. ಅಪ್ಪ ಹೇಳಿದ್ದೇ ಸರಿ. ಬೆಸುಗೆ ಹಾಕಿ ಸರಿ ಮಾಡಲು ಎಲೆಕ್ಟ್ರಿಷಿಯನ್ ತಗೊಂಡಿದ್ದು 250 ರೂಪಾಯಿ.

ಬಾಗಿಲು ಹಾಕಿದಾಗ ಸದ್ದು ಹೋಗಿ ಬರುತ್ತಿದ್ದರೆ ನೀವೂ ಮೊದಲು ವೈರನ್ನೇ ಅನುಮಾನಿಸಿ. ಎಡದ ಸ್ಪೀಕರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿ ನೋಡಿ. ಕರಕರ ಅದೇ ಬಾಗಿಲಲ್ಲಿ ಉಳಿದರೆ ಸ್ಪೀಕರಿನ ತಪ್ಪಲ್ಲ. ಬಿಚ್ಚಿದ ಸ್ಪೀಕರಿನ ಎರಡು ತುದಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಕ್ಷಣ ಮುಟ್ಟಿಸಿದರೆ ಟಪ್ ಅನ್ನಬೇಕು. ಏನೂ ಬರದಿದ್ದರೆ ಒಳಗಿನ ಕಾಯಿಲ್ ಹೋಗಿರುತ್ತೆ. ನಿಜವಾಗಿ ವಯಸ್ಸಾದದ್ದಾದರೆ ಕೋನ್ (ಅದುರಿ ದನಿ ಮಾಡುವ ಭಾಗ) ಸುತ್ತಲಿನ ಫೋಮ್ ಬೆರಳಿಗೆ ಪುಡಿಪುಡಿ ಬರುತ್ತೆ, ಅಂಥದ್ದನ್ನು ಬದಲಿಸಲೇಬೇಕು. ಆಗಲೂ ಮ್ಯಾಗ್ನೆಟ್ ಎಷ್ಟು ಆಳ ಅಂತ ಅಳೆಸಿ, ಹಾಳೆಯನ್ನು ವಾಪಸ್ ಅಂಟಿಸುವವರೆಗೆ ಪಕ್ಕದಲ್ಲೇ ನಿಂತಿರಿ. ಹಳೇದನ್ನು ಬಿಟ್ಟು ಬರಬೇಡಿ. ನಾನು ಹೋಗಿ ಕೇಳುವಷ್ಟರಲ್ಲಿ ನಮ್ಮವು ಗುಜರಿಗೆ ಹೋಗಿದ್ದವು.

ಸೆಟ್ ಹೊಸದು ಹಾಕಿಸಿದ್ದಾಯಿತು. ಮೊನ್ನೆ ಕಾರ್ಪೆಟ್ ಎತ್ತಿದಾಗ ಎಡಗಡೆ ನೆಲದ ತಗಡಿಗೆ ಅಂಗೈಯಗಲ ತುಕ್ಕು ಹಿಡಿದಿತ್ತು. ಮಳೆ ನಿಂತ ಮೇಲೆ ಅದನ್ನು ಕೆರೆಸಿ ಬಣ್ಣ ಹೊಡೆಸಬೇಕು.