ಫ್ರಾಂಕ್ ಝಪ್ಪಾ: ಎಲ್ಲಿಂದ ಶುರು ಮಾಡೋದು?

ಅಮೆರಿಕದ ರಾಕ್ ಸಂಗೀತಗಾರ ಝಪ್ಪಾ ಬದುಕಿದ್ದಾಗಲೇ 60ಕ್ಕೂ ಹೆಚ್ಚು ಆಲ್ಬಮ್ ಬಂದವು. ಎಲ್ಲ ಕೇಳಲು ಹೊರಟರೆ ತಲೆ ಕೆಡುತ್ತದೆ.

1969ರ 'ಹಾಟ್ ರ‍್ಯಾಟ್ಸ್'ನಿಂದ ಶುರು ಮಾಡಿ. ಹಾಡು ಇರುವುದು ಒಂದೇ ಟ್ರ್ಯಾಕಿನಲ್ಲಿ, ಮಿಕ್ಕಿದ್ದೆಲ್ಲ ಬರೀ ವಾದ್ಯ. ಅದರಲ್ಲಿನ 'ಗಂಬೋ ವೇರಿಯೇಶನ್ಸ್' ಟ್ರ್ಯಾಕ್ 12 ನಿಮಿಷಕ್ಕೂ ಜಾಸ್ತಿ. ಮೊದಲು ಸ್ಯಾಕ್ಸೊಫೋನ್, ಆಮೇಲೆ ಶುಗರ್‌ಕೇನ್ ಹ್ಯಾರಿಸ್ ಪಿಟೀಲು. ಕಮಾನು ಒತ್ತಿ ಎಳೆದಾಗ ಆ ಕರಕರ ಇದೆಯಲ್ಲ, ಅದಕ್ಕೇ ನಾನು ಬಿದ್ದದ್ದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವಾಗ ಹಾಕಿದ್ದೆ. 'ಎಂತದೋ ಇದು, ಶ್ರುತಿ ಮಾಡ್ಕಂಡಿದಾರಾ?' ಅಂದರು ಅಮ್ಮ. ಆದರೆ ನಿಲ್ಲಿಸು ಅನ್ನಲಿಲ್ಲ.

ಆಮೇಲೆ 1974ರ 'ಅಪಾಸ್ಟ್ರಫಿ': ತಮಾಷೆ ಜಾಸ್ತಿ, ಕೇಳಲು ಸಲೀಸು. 1986ರ 'ಜಾಝ್ ಫ್ರಮ್ ಹೆಲ್' ಬಹುತೇಕ ಸಿಂಕ್ಲಾವಿಯರ್ ಅನ್ನೋ ಡಿಜಿಟಲ್ ಸಂಗೀತ ಯಂತ್ರದಲ್ಲೇ ಮಾಡಿದ್ದು. ಗ್ರ್ಯಾಮಿ ಪ್ರಶಸ್ತಿ ಬಂತು ನಿಜ, ನನಗಂತೂ ಒಣಒಣ. 1979ರ 'ಜೋಸ್ ಗ್ಯಾರೇಜ್'ಗೆ ಮಾತ್ರ ಹೆಡ್‌ಫೋನ್ ಬೇಕೇ ಬೇಕು, ಆ ಸಾಹಿತ್ಯ ಮನೆಮಂದಿ ಎದುರು ಕೇಳುವಂಥದ್ದಲ್ಲ.